ಬೇಸ್‌ಬಾಲ್ ಆಟಗಾರನ ವೃತ್ತಿಜೀವನ ಓದುವ ಬಗೆ: ಮೊದಲು ದಿನಗಳನ್ನು ಎಣಿಸಿ

ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ಆಟಗಾರನೊಬ್ಬನ ದಾಖಲೆ ಪುಟ ತೆರೆದರೆ ಮೊದಲು ಕಣ್ಣಿಗೆ ಬೀಳುವುದು ಹೋಮ್ ರನ್, ಬ್ಯಾಟಿಂಗ್ ಸರಾಸರಿ, ಪಿಚರ್ (ಚೆಂಡು ಎಸೆಯುವವನು) ಆದರೆ ಗೆಲುವು ಸೋಲು. ಅವನು ಚೆನ್ನಾಗಿ ಆಡಿದ್ದಾನೋ ಇಲ್ಲವೋ ಎಂಬುದು ಅದರಿಂದ ತಿಳಿಯುತ್ತದೆ. ಚೆನ್ನಾಗಿ ಆಡುತ್ತಿದ್ದರೂ ಏಪ್ರಿಲ್‌ನಲ್ಲಿ ಅವನನ್ನು ಯಾಕೆ ಕೆಳಗಿನ ಲೀಗ್‌ನಲ್ಲೇ ಕೂರಿಸಿದರು, ಮೂರನೇ ವರ್ಷದವರೆಗೆ ಕನಿಷ್ಠ ಸಂಬಳ ಪಡೆಯುತ್ತಿದ್ದವನಿಗೆ ನಾಲ್ಕನೇ ವರ್ಷ ಹತ್ತು ಪಟ್ಟು ಹೇಗೆ ಸಿಕ್ಕಿತು, ಫಾರ್ಮ್‌ನಲ್ಲಿರುವವನನ್ನೇ ತಂಡ ಯಾಕೆ ಮಾರಿತು ಎಂಬ ಪ್ರಶ್ನೆಗಳಿಗೆ ಮಾತ್ರ ಅಲ್ಲಿ ಉತ್ತರ ಸಿಗುವುದಿಲ್ಲ. ಅದು ಸಿಗುವುದು ಸೇವಾವಧಿ, ಅಂದರೆ ಮೇಜರ್ ಲೀಗ್‌ನಲ್ಲಿ ಕಳೆದ ದಿನಗಳ ಲೆಕ್ಕ, ಎಂಬ ಒಂದು ಸಣ್ಣ ಅಂಕಿಯಲ್ಲಿ. ಆದ್ದರಿಂದ ಯಾವ ಆಟಗಾರನ ಪುಟ ತೆರೆದರೂ ಮೊದಲು ಆ ಅಂಕಿ ಹುಡುಕಿ.

ಓದಲು ಕೂರುವ ಮುನ್ನ ನಾಲ್ಕು ಸಂಗತಿ ಕೈಯಲ್ಲಿರಲಿ: ಹುಟ್ಟಿದ ದಿನಾಂಕ, ಸೇವಾವಧಿ, ವರ್ಗಾವಣೆಗಳ ಪಟ್ಟಿ (ಯಾವ ದಿನ ಮೇಲೆ ಕರೆದರು, ಯಾವ ದಿನ ಕೆಳಗೆ ಕಳಿಸಿದರು, ಯಾವ ದಿನ ಗಾಯಾಳುಗಳ ಪಟ್ಟಿಗೆ ಸೇರಿಸಿದರು) ಮತ್ತು ಒಪ್ಪಂದದ ವಿವರ. ಆಟದ ಅಂಕಿಅಂಶ ಐದನೆಯದು. ಇಲ್ಲಿ ಹೇಳುವ ನಿಯಮಗಳು 2022ರಿಂದ 2026ರವರೆಗಿನ ಆಟಗಾರರ ಸಂಘ ಮತ್ತು ಲೀಗ್ ನಡುವಿನ ಒಪ್ಪಂದದವು. ಹಳೆಯ ಕಾಲದ ಆಟಗಾರರನ್ನು ಓದುವಾಗ ಅವರ ಕಾಲದ ನಿಯಮವನ್ನೇ ನೋಡಬೇಕು. 1975ರ ಡಿಸೆಂಬರ್‌ನಲ್ಲಿ ಮಧ್ಯಸ್ಥಗಾರ ಪೀಟರ್ ಸೀಟ್ಜ್ ಅವರು ಆಟಗಾರರಾದ ಆಂಡಿ ಮೆಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಪರ ತೀರ್ಪು ಕೊಡುವ ತನಕ ಆಟಗಾರ ತನ್ನ ಇಷ್ಟದ ತಂಡಕ್ಕೆ ಹೋಗುವ ದಾರಿ ಬಹುತೇಕ ಇರಲಿಲ್ಲ. ಅದಕ್ಕೂ ಮುಂಚಿನವನೊಬ್ಬ ಒಂದೇ ತಂಡದಲ್ಲಿ ಹದಿನೈದು ವರ್ಷ ಆಡಿದ್ದರೆ ಅದನ್ನು ನಿಷ್ಠೆ ಎಂದು ಬರೆಯುವ ಮೊದಲು ಈ ಇಸವಿ ನೆನಪಿರಲಿ.

ಒಳಗೆ ಬಂದದ್ದು ಯಾವ ಬಾಗಿಲಿನಿಂದ

ಅಮೆರಿಕ, ಕೆನಡಾ, ಪೋರ್ಟೊ ರಿಕೊ ಹುಡುಗರು ಬರುವುದು ಡ್ರಾಫ್ಟ್ ಮೂಲಕ, ಅಂದರೆ ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವ ಪದ್ಧತಿಯಲ್ಲಿ. ಹೈಸ್ಕೂಲ್ ಮುಗಿಸಿದವರು, ಎರಡು ವರ್ಷದ ಜೂನಿಯರ್ ಕಾಲೇಜಿನವರು, ನಾಲ್ಕು ವರ್ಷದ ಕಾಲೇಜಿನಲ್ಲಿ ಮೂರನೇ ವರ್ಷ ಮುಗಿಸಿದವರು ಅಥವಾ 21 ತುಂಬಿದವರು ಇದಕ್ಕೆ ಅರ್ಹರು. 2021ರಿಂದ ಡ್ರಾಫ್ಟ್‌ನಲ್ಲಿ 20 ಸುತ್ತು ಮಾತ್ರ. ಶ್ರೇಷ್ಠ ಆಟಗಾರರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದ ಕ್ಯಾಚರ್ ಮೈಕ್ ಪಿಯಾಜಾ 1988ರಲ್ಲಿ ಆಯ್ಕೆಯಾದದ್ದು 62ನೇ ಸುತ್ತಿನಲ್ಲಿ. ಅಂಥ ಸುತ್ತೇ ಈಗ ಇಲ್ಲ, ಅವನಂಥವನು ಇಂದು ಡ್ರಾಫ್ಟ್ ಮುಗಿದ ಮೇಲೆ ನೇರವಾಗಿ ಸಹಿ ಮಾಡಬೇಕಾಗುತ್ತದೆ.

ಸಹಿ ಬೋನಸ್ ನೋಡುವಾಗ ಆಟಗಾರ ಕಾಲೇಜಿನ ಯಾವ ವರ್ಷದಲ್ಲಿದ್ದ ಎಂದು ನೋಡಿ. ಮೂರನೇ ವರ್ಷದವನಿಗೆ ‘ಹಣ ಸಾಲದು, ಕಾಲೇಜಿಗೆ ವಾಪಸ್ ಹೋಗುತ್ತೇನೆ’ ಎನ್ನುವ ಬಲ ಇರುತ್ತದೆ. ಕೊನೆಯ ವರ್ಷದವನಿಗೆ ಆ ಬಲ ಇರುವುದಿಲ್ಲ. ಒಂದೇ ಸುತ್ತಿನಲ್ಲಿ ಆಯ್ಕೆಯಾದ ಇಬ್ಬರ ಬೋನಸ್‌ನಲ್ಲಿ ಭಾರೀ ಅಂತರ ಕಂಡರೆ ಕಾರಣ ಹೆಚ್ಚಾಗಿ ಇದೇ ಇರುತ್ತದೆ.

ಡೊಮಿನಿಕನ್ ಗಣರಾಜ್ಯ, ವೆನೆಜುವೆಲಾ ಮೊದಲಾದ ದೇಶಗಳ ಹುಡುಗರು 16ನೇ ವಯಸ್ಸಿಗೇ ಸಹಿ ಮಾಡಬಹುದು. ಪ್ರತಿ ತಂಡಕ್ಕೂ ಇದಕ್ಕೆಂದು ಹಣದ ಮಿತಿ ಇದೆ. ಜಪಾನ್, ಕೊರಿಯಾದಿಂದ ಬರುವವನು 25 ತುಂಬಿರದಿದ್ದರೆ ಅಥವಾ ಅಲ್ಲಿ ಆರು ವರ್ಷ ವೃತ್ತಿಪರನಾಗಿ ಆಡಿರದಿದ್ದರೆ ಅವನೂ ಇದೇ ಮಿತಿಯೊಳಗೆ ಬರುತ್ತಾನೆ. ಶೋಹೆಯ್ ಓಟಾನಿ 2017ರ ಡಿಸೆಂಬರ್‌ನಲ್ಲಿ 23ನೇ ವಯಸ್ಸಿಗೆ ಬಂದಾಗ ಸಿಕ್ಕ ಬೋನಸ್ 23 ಲಕ್ಷ 15 ಸಾವಿರ ಡಾಲರ್. ಯೊಶಿನೊಬು ಯಮಮೊಟೊ 25 ತುಂಬಿದ ಮೇಲೆ 2023ರ ಡಿಸೆಂಬರ್‌ನಲ್ಲಿ ಸಹಿ ಮಾಡಿದ್ದು 32.5 ಕೋಟಿ ಡಾಲರ್‌ಗೆ. ಇದನ್ನು ಪ್ರತಿಭೆಯ ಅಂತರವೆಂದು ಓದಿದರೆ ತಪ್ಪಾಗುತ್ತದೆ, ಇಲ್ಲಿ ಬೆಲೆ ಕಟ್ಟಿದ್ದು ಹುಟ್ಟುಹಬ್ಬದ ದಿನಾಂಕ.

ಕೆಳಗಿನ ಲೀಗ್‌ಗಳಲ್ಲಿ ನೋಡಬೇಕಾದ್ದು

ಕೆಳಗಿನಿಂದ ಮೇಲಕ್ಕೆ ಮೆಟ್ಟಿಲುಗಳು ಐದು: ಕಾಂಪ್ಲೆಕ್ಸ್ ಲೀಗ್, ಸಿಂಗಲ್ ಎ, ಹೈ ಎ, ಡಬಲ್ ಎ, ಟ್ರಿಪಲ್ ಎ. ಇಲ್ಲಿನ ಅಂಕಿಗಳನ್ನು ವಯಸ್ಸಿನ ಜೊತೆಗೇ ಓದಬೇಕು. ಡಬಲ್ ಎ ಮಟ್ಟದಲ್ಲಿ 20 ವರ್ಷದವನು ಹೊಡೆದ .270 ಸರಾಸರಿಗೆ 25 ವರ್ಷದವನ .310ಕ್ಕಿಂತ ಹೆಚ್ಚಿನ ತೂಕ, ಯಾಕೆಂದರೆ ಮೊದಲನೆಯವನು ತನಗಿಂತ ನಾಲ್ಕೈದು ವರ್ಷ ದೊಡ್ಡವರ ಚೆಂಡು ಎದುರಿಸುತ್ತಿದ್ದಾನೆ. ಹೈ ಎ ಇಂದ ಡಬಲ್ ಎ ಗೆ ಏರುವ ಹಂತ ಬಹಳ ಮಂದಿಯನ್ನು ಸೋಸುತ್ತದೆ. ಅಲ್ಲಿನ ಪಿಚರ್‌ಗಳು ವೇಗದ ಚೆಂಡಿನ ಜೊತೆಗೆ ಎರಡನೇ, ಮೂರನೇ ಬಗೆಯ ಚೆಂಡನ್ನೂ ಬೇಕಾದ ಕಡೆ ಹಾಕಬಲ್ಲರು. ಆ ಏರಿಕೆಯಲ್ಲಿ ಬ್ಯಾಟರ್‌ನ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್ ಆಗುವುದು) ಪ್ರಮಾಣ ಥಟ್ಟನೆ ಜಿಗಿದರೆ ಅದು ಎಚ್ಚರಿಕೆ. ಸರಾಸರಿ ಇಳಿದು ಸ್ಟ್ರೈಕ್‌ಔಟ್ ಮತ್ತು ವಾಕ್ (ಪಿಚರ್ ಗುರಿ ತಪ್ಪಿದ ನಾಲ್ಕು ಚೆಂಡಿಗೆ ಬ್ಯಾಟರ್‌ಗೆ ಸಿಗುವ ಬೇಸ್) ಪ್ರಮಾಣ ಹಾಗೇ ಉಳಿದಿದ್ದರೆ ಕಾಯಬಹುದು, ಏಕೆಂದರೆ ಸರಾಸರಿ ಅದೃಷ್ಟದ ಜೊತೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ.

ಮೈದಾನವನ್ನೂ ನೋಡಿ. ಟ್ರಿಪಲ್ ಎ ಯ ಪೆಸಿಫಿಕ್ ಕೋಸ್ಟ್ ಲೀಗ್‌ನಲ್ಲಿ ಆಲ್ಬಕರ್ಕಿ, ರೀನೊ, ಲಾಸ್ ವೇಗಸ್‌ನಂಥ ಎತ್ತರದ ಒಣ ಊರುಗಳಿವೆ. ಗಾಳಿ ತೆಳುವಾದ್ದರಿಂದ ಚೆಂಡು ದೂರ ಹೋಗುತ್ತದೆ, ತಿರುಗುವ ಚೆಂಡು ಕಡಿಮೆ ತಿರುಗುತ್ತದೆ. ಅಲ್ಲಿ ಪಿಚರ್ ಪ್ರತಿ ಒಂಬತ್ತು ಇನ್ನಿಂಗ್ಸ್‌ಗೆ ಐದು ರನ್ ಕೊಟ್ಟಿದ್ದಾನೆಂದ ಮಾತ್ರಕ್ಕೆ ಅವನನ್ನು ತಳ್ಳಿಹಾಕಬೇಡಿ.

ಇಲ್ಲಿನ ಸಂಬಳ ಬಹಳ ಕಡಿಮೆ. ಕೆಳ ಲೀಗ್ ಆಟಗಾರರ ಮೊದಲ ಸಾಮೂಹಿಕ ಒಪ್ಪಂದ 2023ರಲ್ಲಿ ಬಂದಾಗ ಕನಿಷ್ಠ ವಾರ್ಷಿಕ ಸಂಬಳ ಕಾಂಪ್ಲೆಕ್ಸ್ ಲೀಗ್‌ನಲ್ಲಿ 19,800 ಡಾಲರ್, ಡಬಲ್ ಎ ಯಲ್ಲಿ 30,250, ಟ್ರಿಪಲ್ ಎ ಯಲ್ಲಿ 35,800 ಆಯಿತು. ಅದೇ ವರ್ಷ ಮೇಜರ್ ಲೀಗ್‌ನ ಕನಿಷ್ಠ ಸಂಬಳ 7,20,000. ಅಂದರೆ ಟ್ರಿಪಲ್ ಎ ಆಟಗಾರ ಇಡೀ ವರ್ಷ ದುಡಿದದ್ದನ್ನು ಮೇಲೆ ಕರೆಸಿಕೊಂಡವನು ಹತ್ತು ದಿನಕ್ಕೆ ಗಳಿಸುತ್ತಾನೆ. ಒಂದೊಂದು ದಿನದ ಲೆಕ್ಕಕ್ಕೂ ಆಟಗಾರರು ಯಾಕೆ ಹೋರಾಡುತ್ತಾರೆ ಎಂಬುದಕ್ಕೆ ಇಷ್ಟು ಸಾಕು.

ಸೇವಾವಧಿ ಲೆಕ್ಕ ಹಾಕುವುದು

ಮೇಜರ್ ಲೀಗ್‌ನ 26 ಜನರ ಪಟ್ಟಿಯಲ್ಲಿ ಅಥವಾ ಮೇಜರ್ ಲೀಗ್ ಗಾಯಾಳುಗಳ ಪಟ್ಟಿಯಲ್ಲಿ ಕಳೆದ ಪ್ರತಿ ದಿನವೂ ಒಂದು ದಿನದ ಸೇವೆ. ಪಂದ್ಯ ಇಲ್ಲದ ದಿನ, ಪ್ರಯಾಣದ ದಿನ ಎಲ್ಲವೂ ಸೇರುತ್ತದೆ. ಬೆಂಚಿನಿಂದ ಏಳದಿದ್ದರೂ ದಿನ ದಿನವೇ. 172 ದಿನಕ್ಕೆ ಒಂದು ವರ್ಷ. ಸೀಸನ್ ಸಾಮಾನ್ಯವಾಗಿ 183ರಿಂದ 187 ದಿನ ನಡೆಯುತ್ತದೆ, ಆದರೂ ಒಂದು ಸೀಸನ್‌ಗೆ 172ಕ್ಕಿಂತ ಹೆಚ್ಚು ಸಿಗುವುದಿಲ್ಲ.

ಬರೆಯುವ ರೀತಿ 2.134 ಎಂದಿರುತ್ತದೆ. ಇದು ದಶಾಂಶವಲ್ಲ: ಎರಡು ವರ್ಷ, 134 ದಿನ. ಹೊಸಬರು ಎಡವುವುದು ಕೂಡುವಾಗ. 2.134ಕ್ಕೆ 50 ದಿನ ಸೇರಿಸಿದರೆ 2.184 ಅಲ್ಲ. 134 ಮತ್ತು 50 ಸೇರಿ 184, ಅದರಲ್ಲಿ 172 ಕಳೆದರೆ ಉಳಿದದ್ದು 12, ಆದ್ದರಿಂದ 3.012.

ಈ ಅಂಕಿಗೆ ಗಂಟು ಹಾಕಿರುವ ಹಕ್ಕುಗಳು:

- 43 ದಿನ: ಪಿಂಚಣಿಯ ಮೊದಲ ಹಕ್ಕು
- 3 ವರ್ಷ: ಸಂಬಳದ ಮಧ್ಯಸ್ಥಿಕೆ, ಅಂದರೆ ಆರ್ಬಿಟ್ರೇಷನ್
- 5 ವರ್ಷ: ಒಪ್ಪಿಗೆ ಇಲ್ಲದೆ ಕೆಳ ಲೀಗ್‌ಗೆ ಕಳಿಸುವಂತಿಲ್ಲ
- 6 ವರ್ಷ: ಒಪ್ಪಂದ ಮುಗಿದಿದ್ದರೆ ಫ್ರೀ ಏಜೆಂಟ್, ಅಂದರೆ ಇಷ್ಟದ ತಂಡ ಸೇರಬಹುದು
- 10 ವರ್ಷ, ಅದರಲ್ಲಿ ಕೊನೆಯ 5 ಒಂದೇ ತಂಡದಲ್ಲಿ: ತನ್ನನ್ನು ಬೇರೆ ತಂಡಕ್ಕೆ ಕೊಡುವುದನ್ನು ತಡೆಯುವ ಹಕ್ಕು

ಈಗ ಏಪ್ರಿಲ್‌ನ ಗುಟ್ಟು ನೋಡಿ. ಹೊಸಬನನ್ನು ಸೀಸನ್ ಆರಂಭದಲ್ಲಿ ಸುಮಾರು ಎರಡು ವಾರ ಕೆಳಗೆ ಇಟ್ಟು ಆಮೇಲೆ ಕರೆದರೆ ಅವನು 172 ತಲುಪುವುದಿಲ್ಲ. ಆರು ವರ್ಷ ತುಂಬಲು ಅವನಿಗೆ ಏಳು ಸೀಸನ್ ಬೇಕಾಗುತ್ತದೆ, ತಂಡಕ್ಕೆ ಒಂದು ಇಡೀ ವರ್ಷ ಹೆಚ್ಚು ಸಿಗುತ್ತದೆ. ಶಿಕಾಗೊ ಕಬ್ಸ್‌ನ ಕ್ರಿಸ್ ಬ್ರಯಂಟ್ 2015ರಲ್ಲಿ ಮೇಜರ್ ಲೀಗ್‌ಗೆ ಬಂದದ್ದು ಏಪ್ರಿಲ್ 17ಕ್ಕೆ. 183 ದಿನಗಳ ಆ ಸೀಸನ್‌ನಲ್ಲಿ 12 ದಿನ ತಪ್ಪಿ 171ಕ್ಕೆ ನಿಂತ. ಒಂದೇ ಒಂದು ದಿನ ಕಡಿಮೆ. ಅವನು ಹಾಕಿದ ದೂರು 2020ರ ಆರಂಭದಲ್ಲಿ ಬಿದ್ದುಹೋಯಿತು, ಫ್ರೀ ಏಜೆಂಟ್ ಆಗಿದ್ದು 2020ರ ಬದಲು 2021ರ ಸೀಸನ್ ಮುಗಿದ ಮೇಲೆ.

2022ರ ಒಪ್ಪಂದ ಇದಕ್ಕೆ ಸ್ವಲ್ಪ ಲಗಾಮು ಹಾಕಿತು. ಅರ್ಹನಾದ ಹೊಸಬ ತನ್ನ ಲೀಗ್‌ನ ವರ್ಷದ ಹೊಸ ಆಟಗಾರ ಪ್ರಶಸ್ತಿಯ ಮತದಾನದಲ್ಲಿ ಮೊದಲ ಎರಡು ಸ್ಥಾನದಲ್ಲಿ ಬಂದರೆ ದಿನ ಕಡಿಮೆ ಇದ್ದರೂ ಪೂರ್ತಿ ವರ್ಷ ಸಿಗುತ್ತದೆ. ಪಿಟ್ಸ್‌ಬರ್ಗ್ ಪೈರೇಟ್ಸ್‌ನ ಪಿಚರ್ ಪಾಲ್ ಸ್ಕೀನ್ಸ್ 2024ರ ಮೇ 11ಕ್ಕೆ ಮೊದಲ ಪಂದ್ಯ ಆಡಿದರೂ ನ್ಯಾಷನಲ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಆ ಪ್ರಶಸ್ತಿ ಗೆದ್ದು ಪೂರ್ತಿ ವರ್ಷ ಪಡೆದ. ಹಾಗಾಗಿ 2022ರ ನಂತರ ಬಂದವರಲ್ಲಿ ಬರಿ ದಿನ ಎಣಿಸಿದರೆ ಸಾಲದು, ಪ್ರಶಸ್ತಿಯ ಫಲಿತಾಂಶವನ್ನೂ ನೋಡಬೇಕು.

ಮೇಲೆ ಕೆಳಗೆ ಓಡಾಟ

ವರ್ಗಾವಣೆ ಪಟ್ಟಿಯಲ್ಲಿ ಅತಿ ಹೆಚ್ಚು ಸಲ ಕಾಣುವ ಪದ ‘ಆಪ್ಷನ್’. ತಂಡದ 40 ಜನರ ಪಟ್ಟಿಯಲ್ಲಿ (ಆ 26 ಜನರೂ ಸೇರಿ ತಂಡ ಕಾಯ್ದಿಟ್ಟುಕೊಂಡ ಆಟಗಾರರ ಪಟ್ಟಿ) ಇರುವವನನ್ನು ಕೆಳ ಲೀಗ್‌ಗೆ ಕಳಿಸುವ ಅಧಿಕಾರ ಅದು. ಸಾಮಾನ್ಯವಾಗಿ ಮೂರು ಸೀಸನ್‌ಗಳಲ್ಲಿ ಹೀಗೆ ಕಳಿಸಬಹುದು. ಮೂರು ಎಂದರೆ ಮೂರು ಸಲ ಎಂದು ತಿಳಿಯುವುದು ದೊಡ್ಡ ತಪ್ಪು. ಒಂದೇ ಸೀಸನ್‌ನಲ್ಲಿ ಹಲವು ಸಲ ಕಳಿಸಿದರೂ ಖರ್ಚಾಗುವುದು ಒಂದೇ ಆಪ್ಷನ್. 2022ರಿಂದ ಒಂದು ಸೀಸನ್‌ಗೆ ಐದು ಸಲಕ್ಕಿಂತ ಹೆಚ್ಚು ಕಳಿಸುವಂತಿಲ್ಲ. ಇಡೀ ಸೀಸನ್‌ನಲ್ಲಿ ಕೆಳಗೆ ಕಳೆದದ್ದು ಒಟ್ಟು 20 ದಿನಕ್ಕಿಂತ ಕಡಿಮೆ ಇದ್ದರೆ ಆಪ್ಷನ್ ಖರ್ಚಾಗುವುದಿಲ್ಲ, ಆ ದಿನಗಳೂ ಸೇವಾವಧಿಗೆ ಸೇರುತ್ತವೆ (40ರ ಪಟ್ಟಿಗೆ ಇನ್ನೂ ಸೇರದ ಏಪ್ರಿಲ್‌ನ ಹೊಸಬನಿಗೆ ಇದು ಅನ್ವಯಿಸುವುದಿಲ್ಲ).

ಆಪ್ಷನ್ ಮುಗಿದವನನ್ನು ಕೆಳಗೆ ಕಳಿಸಬೇಕಾದರೆ ಮೊದಲು ಉಳಿದ 29 ತಂಡಗಳ ಮುಂದೆ ಇಡಬೇಕು, ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಮಾರ್ಚ್ ಕೊನೆಯಲ್ಲಿ ಸಾಧಾರಣ ಆಟಗಾರನೊಬ್ಬ ತಂಡದಲ್ಲಿ ಉಳಿದು, ಅವನಿಗಿಂತ ಚೆನ್ನಾಗಿ ಆಡಿದ ಹುಡುಗ ಟ್ರಿಪಲ್ ಎ ಗೆ ಹೋದರೆ ಇಬ್ಬರ ಆಪ್ಷನ್ ನೋಡಿ. ಬಹುತೇಕ ಸಲ ಕಾರಣ ಅಲ್ಲೇ ಇರುತ್ತದೆ. ಯಾರೂ ಎತ್ತಿಕೊಳ್ಳದವನನ್ನು 40ರ ಪಟ್ಟಿಯಿಂದ ಇಳಿಸಿ ಕೆಳಗೆ ಕಳಿಸುವ ಮಾತು ಬಂದಾಗ ಮೂರು ವರ್ಷ ಸೇವೆ ಇದ್ದವನಿಗೆ, ಅಥವಾ ಹಿಂದೊಮ್ಮೆ ಹೀಗೆ 40ರ ಪಟ್ಟಿಯಿಂದ ಇಳಿದವನಿಗೆ, ‘ಒಲ್ಲೆ’ ಎಂದು ಹೊರಟು ಹೋಗುವ ಹಕ್ಕು ಇದೆ.

40ರ ಪಟ್ಟಿಯಲ್ಲಿ ಇಲ್ಲದವರಿಗೆ ಡಿಸೆಂಬರ್‌ನ ರೂಲ್ 5 ಡ್ರಾಫ್ಟ್ ಒಂದು ಕಿಟಕಿ. 18 ಅಥವಾ ಅದಕ್ಕೂ ಕಡಿಮೆ ವಯಸ್ಸಿಗೆ ಸಹಿ ಮಾಡಿದವನನ್ನು ಐದು ಸೀಸನ್ ಒಳಗೆ, 19 ತುಂಬಿ ಸಹಿ ಮಾಡಿದವನನ್ನು ನಾಲ್ಕು ಸೀಸನ್ ಒಳಗೆ ಪಟ್ಟಿಗೆ ಸೇರಿಸದಿದ್ದರೆ ಬೇರೆ ತಂಡ 1 ಲಕ್ಷ ಡಾಲರ್ ಕೊಟ್ಟು ಒಯ್ಯಬಹುದು. ಒಯ್ದವರು ಮುಂದಿನ ಸೀಸನ್ ಪೂರ್ತಿ ಮೇಜರ್ ಲೀಗ್‌ನಲ್ಲೇ ಇಟ್ಟುಕೊಳ್ಳಬೇಕು, ಇಲ್ಲವಾದರೆ ಹಳೆಯ ತಂಡ 50 ಸಾವಿರ ಕೊಟ್ಟು ವಾಪಸ್ ಪಡೆಯಬಹುದು. ಹೀಗೆ ಬಂದವನ ಮೊದಲ ವರ್ಷದ ಅಂಕಿ ಬಡವಾಗಿದ್ದರೆ ಆಶ್ಚರ್ಯವಿಲ್ಲ, ಕೆಲವೊಮ್ಮೆ ಎರಡು ಮೆಟ್ಟಿಲು ಹಾರಿ ಬಂದಿರುತ್ತಾನೆ.

ಸಂಬಳದ ಏಣಿ: ಹ್ವಾನ್ ಸೊಟೊ ಉದಾಹರಣೆ

ಮೊದಲ ಮೂರು ವರ್ಷ ತಂಡ ಹೇಳಿದ್ದೇ ಸಂಬಳ, ಕನಿಷ್ಠ ಮಿತಿಗಿಂತ ಕಡಿಮೆ ಇರಬಾರದು ಅಷ್ಟೆ. ಆಮೇಲೆ ಆರ್ಬಿಟ್ರೇಷನ್. ಆಟಗಾರ ಒಂದು ಮೊತ್ತ ಹೇಳುತ್ತಾನೆ, ತಂಡ ಒಂದು ಹೇಳುತ್ತದೆ, ವಿಚಾರಣೆಗೆ ಹೋದರೆ ಮೂವರ ಮಂಡಳಿ ಎರಡರಲ್ಲಿ ಒಂದನ್ನು ಆರಿಸಬೇಕು. ನಡುವಿನ ಮೊತ್ತ ಕೊಡುವಂತಿಲ್ಲ. ಅದಕ್ಕೇ ಹೆಚ್ಚಿನ ಪ್ರಕರಣ ವಿಚಾರಣೆಗೆ ಮುನ್ನವೇ ರಾಜಿಯಲ್ಲಿ ಮುಗಿಯುತ್ತವೆ. ಎರಡರಿಂದ ಮೂರು ವರ್ಷದ ನಡುವೆ ಇರುವವರಲ್ಲಿ, ಆ ಸೀಸನ್‌ನಲ್ಲಿ ಕನಿಷ್ಠ 86 ದಿನ ಪಡೆದು ಸೇವಾವಧಿಯಲ್ಲಿ ಮೇಲಿನ ಶೇ 22ರಲ್ಲಿ ಬರುವವರಿಗೆ ಒಂದು ವರ್ಷ ಮೊದಲೇ ಈ ಹಕ್ಕು ಸಿಗುತ್ತದೆ. ಇವರನ್ನು ‘ಸೂಪರ್ ಟೂ’ ಎನ್ನುತ್ತಾರೆ.

ಹ್ವಾನ್ ಸೊಟೊ ದಾಖಲೆಯಲ್ಲಿ ಇದೆಲ್ಲ ಒಂದೇ ಕಡೆ ಕಾಣುತ್ತದೆ. 2015ರಲ್ಲಿ, 16ನೇ ವಯಸ್ಸಿಗೆ, ಡೊಮಿನಿಕನ್ ಗಣರಾಜ್ಯದಿಂದ ವಾಷಿಂಗ್ಟನ್ ನ್ಯಾಷನಲ್ಸ್ ಜೊತೆ 15 ಲಕ್ಷ ಡಾಲರ್‌ಗೆ ಸಹಿ. 2018ರ ಸೀಸನ್ ಸಿಂಗಲ್ ಎ ಯಲ್ಲಿ ಶುರು ಮಾಡಿ, ಮೇ 20ಕ್ಕೆ 19ನೇ ವಯಸ್ಸಿನಲ್ಲೇ ಮೇಜರ್ ಲೀಗ್. ಅಲ್ಲಿಂದ ಸೆಪ್ಟೆಂಬರ್ 30ರವರೆಗೆ ಎಣಿಸಿ: ಮೇ 12, ಜೂನ್ 30, ಜುಲೈ 31, ಆಗಸ್ಟ್ 31, ಸೆಪ್ಟೆಂಬರ್ 30, ಒಟ್ಟು 134 ದಿನ. 2019 ಮತ್ತು 2020 ಪೂರ್ತಿ, ಹಾಗಾಗಿ 2020ರ ಕೊನೆಗೆ 2.134, ಸೂಪರ್ ಟೂ. ಆದ್ದರಿಂದ ಅವನಿಗೆ ಮೂರರ ಬದಲು ನಾಲ್ಕು ಸಲ ಆರ್ಬಿಟ್ರೇಷನ್ ವರ್ಷ: 2021ರಲ್ಲಿ 85 ಲಕ್ಷ, 2022ರಲ್ಲಿ 1.71 ಕೋಟಿ, 2023ರಲ್ಲಿ 2.3 ಕೋಟಿ, 2024ರಲ್ಲಿ 3.1 ಕೋಟಿ ಡಾಲರ್. 2022ರ ಆಗಸ್ಟ್‌ನಲ್ಲಿ ಸ್ಯಾನ್ ಡಿಯಾಗೊಗೆ, 2023ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕ್ ಯಾಂಕೀಸ್‌ಗೆ ಹೋದದ್ದಕ್ಕೂ ಕಾರಣ ಇದೇ ಗಡಿಯಾರ. ಒಪ್ಪಂದ ವಿಸ್ತರಿಸಲು ಒಪ್ಪದವನನ್ನು ಕೈತಪ್ಪುವ ಮುನ್ನ ಕೊಟ್ಟು ಬೇರೆ ಆಟಗಾರರನ್ನು ಪಡೆಯುವುದು ತಂಡಗಳ ಲೆಕ್ಕ. 2024 ಮುಗಿದಾಗ 6.134, ವಯಸ್ಸು 26. ನ್ಯೂಯಾರ್ಕ್ ಮೆಟ್ಸ್ 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಟ್ಟಿತು.

ಹೆಚ್ಚಿನವರು ಆರು ವರ್ಷ ತುಂಬಿಸುವ ಹೊತ್ತಿಗೆ 29, 30 ದಾಟಿರುತ್ತಾರೆ. ಬ್ಯಾಟರ್‌ನ ಅತ್ಯುತ್ತಮ ವರ್ಷಗಳು ಇಪ್ಪತ್ತರ ದಶಕದ ಕೊನೆಯಲ್ಲಿ ಬಂದು ಹೋಗಿರುತ್ತವೆ. ಸೊಟೊಗೆ ಸಿಕ್ಕ ಮೊತ್ತದಲ್ಲಿ ಅರ್ಧ ಕಥೆ ಅವನ ಬ್ಯಾಟ್‌ನದು, ಇನ್ನರ್ಧ 19ಕ್ಕೇ ಗಡಿಯಾರ ಶುರುವಾದದ್ದರದು.

ಎದುರು ದಾರಿ ಹಿಡಿದವರೂ ಇದ್ದಾರೆ. ಅಟ್ಲಾಂಟಾದ ಓಜಿ ಆಲ್ಬೀಸ್ 2019ರ ಏಪ್ರಿಲ್‌ನಲ್ಲಿ 22ನೇ ವಯಸ್ಸಿಗೆ ಏಳು ವರ್ಷಕ್ಕೆ 3.5 ಕೋಟಿಗೆ ಸಹಿ ಮಾಡಿದ, ಮೇಲೆ ತಲಾ 70 ಲಕ್ಷದ ಎರಡು ವರ್ಷ ತಂಡದ ಇಷ್ಟಕ್ಕೆ ಬಿಟ್ಟದ್ದು. ಇದು ತಂಡಕ್ಕೆ ವಿಪರೀತ ಲಾಭದ ಒಪ್ಪಂದ ಎಂದು ಎಲ್ಲರೂ ಹೇಳಿದರು, ನಮ್ಮ ಅಭಿಪ್ರಾಯವೂ ಅದೇ. ಆದರೆ ಗಾಯವಾದರೂ ಮೂರು ತಲೆಮಾರಿಗೆ ಸಾಕಾಗುವ ಹಣ ಕೈಗೆ ಖಚಿತವಾದದ್ದನ್ನು ಲೆಕ್ಕದಿಂದ ಬಿಟ್ಟು ಅವನ ನಿರ್ಧಾರ ಅಳೆಯಬಾರದು.

ದೊಡ್ಡ ಮೊತ್ತ ಬಿಡಿಸಿ ನೋಡುವುದು

ಸುದ್ದಿಯಲ್ಲಿ ಬರುವ ಒಟ್ಟು ಮೊತ್ತವನ್ನು ವರ್ಷಗಳಿಂದ ಭಾಗಿಸಿ ನಿಲ್ಲಿಸಬೇಡಿ. ಹಣ ಯಾವಾಗ ಕೈಗೆ ಬರುತ್ತದೆ, ಕೊನೆಯ ವರ್ಷಗಳು ಯಾರ ಇಷ್ಟ, ಮಧ್ಯದಲ್ಲಿ ಹೊರಬರುವ ಹಕ್ಕು ಆಟಗಾರನಿಗಿದೆಯೇ ಎಂದು ಕೇಳಿ. ಓಟಾನಿ 2023ರ ಡಿಸೆಂಬರ್‌ನಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ಜೊತೆ ಹತ್ತು ವರ್ಷಕ್ಕೆ 70 ಕೋಟಿಗೆ ಸಹಿ ಮಾಡಿದರೂ ವರ್ಷಕ್ಕೆ ಕೈಗೆ ಬರುವುದು 20 ಲಕ್ಷ. ಉಳಿದ 68 ಕೋಟಿ ಬಡ್ಡಿಯಿಲ್ಲದೆ 2034ರಿಂದ ಹತ್ತು ವರ್ಷಗಳಲ್ಲಿ. ತಡವಾಗಿ ಬರುವ ಹಣದ ಇಂದಿನ ಬೆಲೆ ಕಡಿಮೆ, ಆದ್ದರಿಂದ ಮಿತಿ ಮೀರಿ ಸಂಬಳ ಕೊಡುವ ತಂಡಗಳ ಮೇಲೆ ಲೀಗ್ ಹಾಕುವ ತೆರಿಗೆಯ ಲೆಕ್ಕದಲ್ಲಿ ಇದು ವರ್ಷಕ್ಕೆ ಸುಮಾರು 4.6 ಕೋಟಿ ಮಾತ್ರ.

ಮಧ್ಯಮ ಮಟ್ಟದ ಆಟಗಾರನಿಗೆ ಇನ್ನೊಂದು ಅಡ್ಡಿ ಇದೆ. ಹಳೆಯ ತಂಡ ಅವನಿಗೆ ‘ಕ್ವಾಲಿಫೈಯಿಂಗ್ ಆಫರ್’ ಎಂಬ ಒಂದು ವರ್ಷದ ಕರೆ ಕೊಡಬಹುದು (2024ರ ಸೀಸನ್ ಬಳಿಕ ಅದರ ಮೊತ್ತ 2 ಕೋಟಿ 10 ಲಕ್ಷ 50 ಸಾವಿರ ಡಾಲರ್). ಅದನ್ನು ನಿರಾಕರಿಸಿ ಹೋದವನನ್ನು ಸೇರಿಸಿಕೊಳ್ಳುವ ತಂಡ ಡ್ರಾಫ್ಟ್ ಆಯ್ಕೆಯೊಂದನ್ನು ಕಳೆದುಕೊಳ್ಳುತ್ತದೆ. ತಾರೆಯ ವಿಷಯದಲ್ಲಿ ಅದು ಲೆಕ್ಕಕ್ಕಿಲ್ಲ. 31 ವರ್ಷದ ಸಾಧಾರಣ ಆಟಗಾರನಾದರೆ ಫೆಬ್ರವರಿ ಬಂದರೂ ಕರೆ ಬರದೆ ಕೂರಬೇಕಾಗಬಹುದು.

ಗಾಯದ ಸಾಲು

ಬ್ಯಾಟರ್‌ಗಳಿಗೆ 10 ದಿನದ, ಪಿಚರ್‌ಗಳಿಗೆ 15 ದಿನದ, ಎಲ್ಲರಿಗೂ 60 ದಿನದ ಪಟ್ಟಿಗಳಿವೆ. 60 ದಿನದ ಪಟ್ಟಿಗೆ ಹೋದವನು 40ರಲ್ಲಿ ಜಾಗ ಹಿಡಿಯುವುದಿಲ್ಲ, ಅದಕ್ಕೇ ತಂಡ ಹೊಸಬನೊಬ್ಬನನ್ನು ಸೇರಿಸಿದ ದಿನವೇ ಇನ್ನೊಬ್ಬ ಅಲ್ಲಿಗೆ ಹೋಗಿರುತ್ತಾನೆ. ಮೇಜರ್ ಲೀಗ್‌ನಲ್ಲಿ ಇದ್ದಾಗ ಗಾಯವಾದರೆ ಚೆಂಡು ಮುಟ್ಟದೆಯೂ ಇಡೀ ವರ್ಷದ ಸೇವೆ ಮತ್ತು ಸಂಬಳ ಸಿಗುತ್ತದೆ. ಕೆಳ ಲೀಗ್‌ನಲ್ಲಿ ಇದ್ದಾಗ ಅದೇ ಗಾಯವಾದರೆ ಸೇವೆಯ ದಿನ ಸೊನ್ನೆ.

ಪಿಚರ್‌ಗಳ ಪುಟದಲ್ಲಿ ಒಂದೂವರೆ ವರ್ಷ ಖಾಲಿ ಕಂಡರೆ ಬಹುಪಾಲು ಮೊಣಕೈ ಅಸ್ಥಿರಜ್ಜು ಮರುಜೋಡಣೆ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಮೊದಲು ಮಾಡಿದ ಈ ಶಸ್ತ್ರಚಿಕಿತ್ಸೆಗೆ ರೋಗಿಯಾದ ಪಿಚರ್ ಟಾಮಿ ಜಾನ್ ಹೆಸರೇ ಉಳಿದಿದೆ. ಅವನ 288 ಗೆಲುವುಗಳಲ್ಲಿ 164 ಆ ಶಸ್ತ್ರಚಿಕಿತ್ಸೆಯ ನಂತರದವು. ಮರಳಲು ಸಾಮಾನ್ಯವಾಗಿ 12ರಿಂದ 18 ತಿಂಗಳು ಬೇಕು. ಬಂದ ಮೊದಲ ತಿಂಗಳುಗಳಲ್ಲಿ ವೇಗ ಮರಳಿದರೂ ಗುರಿ ತಡವಾಗಿ ಮರಳುತ್ತದೆ, ಹಾಗಾಗಿ ಆ ವರ್ಷದ ವಾಕ್ ಸಂಖ್ಯೆ ನೋಡಿ ತೀರ್ಪು ಕೊಡಬೇಡಿ.

ಕೊನೆಗೆ ಆಟದ ಅಂಕಿ, ನಿವೃತ್ತಿ

ಈಗ ಅಂಕಿಅಂಶಕ್ಕೆ ಬನ್ನಿ. ಬೇರೆ ಬೇರೆ ಮೈದಾನ, ಕಾಲದವರನ್ನು ಹೋಲಿಸಲು ಓಪಿಎಸ್ ಪ್ಲಸ್ (ಬ್ಯಾಟಿಂಗ್ ಬಲವನ್ನು ಮೈದಾನ, ಕಾಲಕ್ಕೆ ಹೊಂದಿಸಿ ಅಳೆಯುವ ಅಂಕಿ) ಒಳ್ಳೆಯದು: 100 ಲೀಗ್‌ನ ಸರಾಸರಿ, 130 ಎಂದರೆ ಅದಕ್ಕಿಂತ ಶೇ 30 ಮೇಲು. ಒಟ್ಟಾರೆ ಬೆಲೆಗೆ ‘ವಾರ್’ (ಸುಲಭವಾಗಿ ಸಿಗುವ ಬದಲಿ ಆಟಗಾರನಿಗಿಂತ ಎಷ್ಟು ಗೆಲುವು ಹೆಚ್ಚು ತಂದ ಎಂಬ ಅಂದಾಜು) ನೋಡಿ: ಸೀಸನ್‌ಗೆ 2 ಇದ್ದರೆ ನಿತ್ಯ ಆಡುವವನು, 5 ದಾಟಿದರೆ ಆಲ್‌ಸ್ಟಾರ್ ಮಟ್ಟ, 8 ದಾಟಿದರೆ ಶ್ರೇಷ್ಠ ಆಟಗಾರ ಪ್ರಶಸ್ತಿಯ ಮಟ್ಟ. ಅರ್ಧ ಅಂಕದ ಅಂತರಕ್ಕೆ ಇಬ್ಬರನ್ನು ಮೇಲು ಕೀಳು ಮಾಡಬೇಡಿ, ಆ ಲೆಕ್ಕ ಅಷ್ಟು ಸೂಕ್ಷ್ಮವಲ್ಲ.

ನಿವೃತ್ತಿಯ ಬಳಿಕ 10 ವರ್ಷದ ಸೇವೆ ಇದ್ದವನಿಗೆ ಪೂರ್ಣ ಪಿಂಚಣಿ. ಹಾಲ್ ಆಫ್ ಫೇಮ್‌ನ ಹತ್ತು ಮಾತ್ರ ಬೇರೆ ಹತ್ತು: ಅಲ್ಲಿ 172ರ ಲೆಕ್ಕ ಇಲ್ಲ, ಹತ್ತು ಸೀಸನ್‌ಗಳಲ್ಲಿ ಆಡಿದ್ದರೆ ಆಯಿತು, ಯಾವುದೋ ಒಂದು ಸೀಸನ್‌ನಲ್ಲಿ ಕೆಲವೇ ಪಂದ್ಯ ಆಡಿದ್ದರೂ ಅದು ಸೇರುತ್ತದೆ. ಆಟ ನಿಲ್ಲಿಸಿ ಐದು ವರ್ಷ ಕಳೆಯಬೇಕು, ಬರಹಗಾರರ ಮತದಲ್ಲಿ ಶೇ 75 ಬೇಕು. ಶೇ 5ಕ್ಕಿಂತ ಕಡಿಮೆ ಬಂದವನ ಹೆಸರು ಮತಪತ್ರದಿಂದ ಹೋಗುತ್ತದೆ, ಉಳಿದವರಿಗೆ ಹತ್ತು ವರ್ಷ ಅವಕಾಶ. 27ನೇ ವಯಸ್ಸಿಗೆ ಜಪಾನ್‌ನಿಂದ ಬಂದು 2001ರಿಂದ 2019ರವರೆಗೆ ಆಡಿದ ಇಚಿರೊ ಸುಜುಕಿ ಅಮೆರಿಕದಲ್ಲೇ 3,089 ಹಿಟ್ ಗಳಿಸಿ, 2025ರ ಜನವರಿಯಲ್ಲಿ ಮೊದಲ ಮತದಾನದಲ್ಲೇ 394ರಲ್ಲಿ 393 ಮತ ಪಡೆದ.